ಯಾವ ಕಪ್ಪು?

ಲ್ಯಾಪ್‌ಟಾಪಿನ ಪರದೆ ಕಪ್ಪಾಗಿದೆ ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು ಒಂದೇ: ಯಾವ ಕಪ್ಪು?

ಕೋಣೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದು ಆ ಯಂತ್ರದ ಎದುರು ಒಂದು ನಿಮಿಷ ಕೂತುಕೊಳ್ಳಿ. ಪರದೆ ಕತ್ತಲಲ್ಲಿ ಕರಗಿಹೋಗಿ ಅದರ ಅಂಚೂ ಕಣ್ಣಿಗೆ ಸಿಗದಿದ್ದರೆ ಅದು ಒಂದು ಬಗೆಯ ಕಪ್ಪು. ಮೂಲೆಗಳಲ್ಲಿ ಬೂದು ಬೆಳಕು ಸೋರುತ್ತಾ, ಪರದೆ ಚೌಕಾಕಾರವಾಗಿ ಮಸುಕು ಮಸುಕಾಗಿ ತೋರುತ್ತಿದ್ದರೆ ಅದು ಬೇರೆಯೇ ಕಪ್ಪು. ಗುಂಡಿ ಒತ್ತಿದೊಡನೆ ಚಿತ್ರ ಬಂದು ಎರಡು ಕ್ಷಣಕ್ಕೆ ಆರಿಹೋಗುವ ಕಪ್ಪುಂಟು. ಮುಚ್ಚಳ ಅರ್ಧ ತೆರೆದಾಗ ಸುಮ್ಮನಿದ್ದು ಪೂರ್ತಿ ತೆರೆದೊಡನೆ ಆವರಿಸುವ ಕಪ್ಪೂ ಉಂಟು. ಒಂದೊಂದರ ಕಾರಣವೂ ಬೇರೆ, ಖರ್ಚೂ ಬೇರೆ. ಕೆಲವು ಪುಕ್ಕಟೆ ಹೋಗುತ್ತವೆ, ಕೆಲವು ಹತ್ತು ಸಾವಿರ ಬೇಡುತ್ತವೆ. ಇವನ್ನೆಲ್ಲ ಅಂಗಡಿಗಳಲ್ಲಿ ‘ನೋ ಡಿಸ್‌ಪ್ಲೇ’ ಎಂಬ ಒಂದೇ ಚೀಟಿಯಡಿ ಬರೆದಿಡುತ್ತಾರೆ. ಬಹುಪಾಲು ದುಡ್ಡು ಪೋಲಾಗುವುದು ಆ ಒಂದು ಚೀಟಿಯಿಂದಲೇ.

ನೋಡುವ ಮೊದಲು ಯಂತ್ರ ಬದುಕಿದೆಯೇ ಎಂದು ತಿಳಿದುಕೊಳ್ಳಬೇಕು. ಇದಕ್ಕೆ ಹೆಚ್ಚು ಮಾತು ಬೇಡ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತದೆಯೇ? ಫ್ಯಾನ್ ತಿರುಗುವ ಸದ್ದಿದೆಯೇ? ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿದರೆ ಅಲ್ಲಿ ಚಿತ್ರ ಬರುತ್ತದೆಯೇ? ಬಂದರೆ ಯಂತ್ರ ಗಟ್ಟಿ, ತೊಂದರೆ ಇರುವುದು ಮುಚ್ಚಳದ ಕಡೆ. ಟಿವಿಯಲ್ಲೂ ಏನೂ ಇಲ್ಲ, ದೀಪಗಳು ಮಾತ್ರ ಹತ್ತಿವೆ ಎಂದಾದರೆ ಚಾರ್ಜರ್ ಕಿತ್ತು, ಬ್ಯಾಟರಿ ಬೇರ್ಪಡಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿಕೆ ಚಾರ್ಜು ಹೋಗಲು ಬಿಡಬೇಕು. ಆಮೇಲೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಬೇಕು. ನಮ್ಮ ಕಡೆಯ ಪ್ರತಿಯೊಬ್ಬ ರಿಪೇರಿಯವನ ಮೇಜಿನ ಮೇಲೂ ಒಂದು ರಬ್ಬರ್ ಇರುವುದು ಈ ಕೆಲಸಕ್ಕೇ. ಡೆಲ್ ಯಂತ್ರವಿದ್ದವರಿಗೆ ಇನ್ನೊಂದು ಸೌಲಭ್ಯವಿದೆ. ಅವರ ಬಹಳಷ್ಟು ಮಾದರಿಗಳಲ್ಲಿ ‘ಡಿ’ ಕೀಲಿಯನ್ನು ಒತ್ತಿ ಹಿಡಿದೇ ಪವರ್ ಗುಂಡಿ ಅದುಮಿದರೆ ಪರದೆ ಒಂದೊಂದಾಗಿ ಬಣ್ಣಗಳನ್ನು ತೋರಿಸುತ್ತಾ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ವಿಂಡೋಸಿಗೂ ಡ್ರೈವರಿಗೂ ಇದರಲ್ಲಿ ಪಾತ್ರವಿಲ್ಲ. ಬಣ್ಣಗಳು ಸರಿಯಾಗಿ ಬಂದರೆ ಪ್ಯಾನೆಲ್ಲಿನ ಮೇಲಿನ ಅನುಮಾನವನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಯಾರ ಅನುಮಾನಕ್ಕೂ ಬರುವುದಿಲ್ಲ. ಮುಚ್ಚಳ ಮುಚ್ಚಿದ್ದು ಯಂತ್ರಕ್ಕೆ ಗೊತ್ತಾಗುವುದು ಒಂದು ಅಯಸ್ಕಾಂತದಿಂದ. ಪರದೆಯ ಚೌಕಟ್ಟಿನಲ್ಲಿ ಪುಟ್ಟ ಅಯಸ್ಕಾಂತ, ಕೀಬೋರ್ಡಿನ ಅಂಚಿನಡಿ ಅದನ್ನು ಗುರುತಿಸುವ ಹಾಲ್ ಸೆನ್ಸರ್. ಕೈಗಡಿಯಾರದ ಪಟ್ಟಿಯಲ್ಲೋ ಫೋನಿನ ಕವರಿನಲ್ಲೋ ಅಯಸ್ಕಾಂತವಿದ್ದು ಅದು ಸರಿಯಾಗಿ ಆ ಜಾಗದ ಮೇಲೆ ಬಂದರೆ, ಮುಚ್ಚಳ ಮುಚ್ಚಿದೆ ಎಂದೇ ಯಂತ್ರ ತಿಳಿಯುತ್ತದೆ, ಪರದೆ ಆರುತ್ತದೆ. ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡುವ ಕಚೇರಿಗಳಲ್ಲೂ ಇದೇ ಆಗುತ್ತದೆ. ಕೈ ಎತ್ತಿದರೆ ಗುಣ. ಬರೆಯುವಾಗ ಮಾತ್ರ ಆರುತ್ತದೆ, ಸುಮ್ಮನೆ ಸಿನಿಮಾ ನೋಡುವಾಗ ಏನೂ ಆಗುವುದಿಲ್ಲ ಎಂಬ ದೂರು ಕೇಳಿದರೆ ಮೊದಲು ಆ ಮನುಷ್ಯನ ಮಣಿಕಟ್ಟನ್ನು ನೋಡಬೇಕು.

ಈಗ ಅಸಲು ವಿಷಯ. ಎಲ್‌ಸಿಡಿ ಪರದೆಯಲ್ಲಿ ಚಿತ್ರ ಬೇರೆ, ಬೆಳಕು ಬೇರೆ. ಗಾಜಿನ ಎರಡು ಹಾಳೆಗಳ ನಡುವಿನ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಚುಕ್ಕೆ ಚುಕ್ಕೆಯಾಗಿ ತಡೆಯುವುದು, ಬಿಡುವುದು ಇಷ್ಟೇ ಅದರ ಕೆಲಸ. ಆ ಬೆಳಕು ಹುಟ್ಟುವುದು ಪರದೆಯ ಕೆಳ ಅಂಚಿನಲ್ಲಿ ಸಾಲಾಗಿ ಕೂತ ಪುಟ್ಟ ಎಲ್‌ಇಡಿಗಳಲ್ಲಿ. ಅಲ್ಲಿಂದ ಅದು ಒಂದು ಪಾರದರ್ಶಕ ಅಕ್ರಿಲಿಕ್ ಫಲಕದೊಳಗೆ ಹರಡಿ, ಹಿಂದಿನ ಬಿಳಿ ಹಾಳೆಯಿಂದ ಪ್ರತಿಫಲಿಸಿ, ಹರಡುವ ಹಾಳೆ, ಪ್ರಿಸಂ ಹಾಳೆ, ಪೋಲರೈಸರ್, ದ್ರವಸ್ಫಟಿಕ, ಬಣ್ಣದ ಸೋಸುಗ, ಮತ್ತೊಂದು ಪೋಲರೈಸರ್ ಎಲ್ಲವನ್ನೂ ದಾಟಿ ನಮ್ಮ ಕಣ್ಣಿಗೆ ಬರುತ್ತದೆ. ಗಾಜಿನ ಹಿಂದೆ ಬಂದು ಮುಟ್ಟಿದ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲೂ ಮುಂದಕ್ಕೆ ಬರುವುದಿಲ್ಲ. ಆ ದೀಪಸಾಲು ಆರಿತೆಂದರೆ ಗಾಜಿನಲ್ಲಿ ಚಿತ್ರ ಮೂಡುತ್ತಲೇ ಇರುತ್ತದೆ. ನೋಡಲು ಬೆಳಕಿರುವುದಿಲ್ಲ, ಅಷ್ಟೆ.

ಹಾಗಾದರೆ ಹೊರಗಿನಿಂದ ಬೆಳಕು ಕೊಟ್ಟು ನೋಡಬಹುದಲ್ಲ? ಅದೇ ಟಾರ್ಚ್ ಪರೀಕ್ಷೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಕೋಣೆ ಕತ್ತಲಾಗಿರಲಿ. ಯಂತ್ರ ಚಾಲೂ ಮಾಡಿ, ಲಾಗಿನ್ ಪುಟ ಬರುವಷ್ಟು ಹೊತ್ತು ಬಿಡಿ. ಫೋನಿನ ಟಾರ್ಚನ್ನು ಗಾಜಿನ ಹತ್ತಿರಕ್ಕೆ ತಂದು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿಯಿರಿ, ಕಣ್ಣು ಇನ್ನೊಂದು ಓರೆಯಲ್ಲಿರಲಿ. ನಿಧಾನವಾಗಿ ಸರಿಸುತ್ತಾ ಹೋಗಿ. ಟಾರ್ಚಿನ ಬೆಳಕು ಒಳಹೊಕ್ಕು ಹಿಂದಿನ ಬಿಳಿ ಹಾಳೆಗೆ ತಾಗಿ ಅದೇ ದಾರಿಯಲ್ಲಿ ಮರಳಬೇಕು. ಎಲ್ಲ ಪದರಗಳನ್ನೂ ಎರಡೆರಡು ಸಲ ದಾಟುವುದರಿಂದ ಕಾಣುವುದು ಬಹಳ ಕ್ಷೀಣ. ಗಡಿಯಾರದ ಅಂಕಿಗಳ ನೆರಳು, ಮೌಸಿನ ಬಾಣದ ಗುರುತು, ಐಕಾನುಗಳ ಸಾಲು, ಹೀಗೆ ಏನೋ ಒಂದು ನೀರಿನಡಿ ಕಂಡ ಹಾಗೆ ಕಾಣುತ್ತದೆ. ಕಂಡಿತೋ, ಅರ್ಧ ರೋಗನಿರ್ಣಯ ಮುಗಿಯಿತು. ಪ್ರೊಸೆಸರ್, ಗ್ರಾಫಿಕ್ಸ್, ರ‍್ಯಾಮ್, ಚಿತ್ರ ಸಾಗಿಸುವ ತಂತಿಗಳು, ಗಾಜು ಎಲ್ಲ ನೆಟ್ಟಗಿವೆ. ಹೋಗಿರುವುದು ಬೆಳಕು ಮಾತ್ರ. ಇದನ್ನು ತೋರಿಸಿದ ಮೇಲೂ ಯಾರಾದರೂ ಬೋರ್ಡೇ ಹೋಗಿದೆ, ಪೂರ್ತಿ ಬದಲಿಸಬೇಕು ಎಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಒಎಲ್‌ಇಡಿ ಪರದೆಗಳಿಗೆ ಈ ಪರೀಕ್ಷೆ ನಡೆಯದು. ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಹಿಂದೆ ದೀಪಸಾಲೇ ಇಲ್ಲ. ಕೊಳ್ಳುವಾಗ ಹೆಮ್ಮೆಯಿಂದ ಹೇಳಿದ ಒಎಲ್‌ಇಡಿ ಎಂಬ ಮಾತನ್ನು ಕೆಟ್ಟಾಗಲೂ ನೆನಪಿಟ್ಟುಕೊಳ್ಳಬೇಕು.

ಟಾರ್ಚಿಗೂ ಏನೂ ಕಾಣದೆ, ಆದರೆ ಹಿಂದೆ ಬೂದು ಬೆಳಕಿದ್ದರೆ ಲೆಕ್ಕ ತಿರುಗುಮುರುಗು: ಬೆಳಕಿದೆ, ಚಿತ್ರವಿಲ್ಲ. ಇಲ್ಲಿ ಪ್ಯಾನೆಲ್ಲಿನ ಜಾತಿ ತಿಳಿದಿರಬೇಕು. ಹಳೆಯ, ಅಗ್ಗದ ಟಿಎನ್ ಪ್ಯಾನೆಲ್ಲಿಗೆ ವಿದ್ಯುತ್ ಒತ್ತಡ ಸಿಗದಿದ್ದಾಗ ಅದು ಬೆಳಕನ್ನು ತಡೆಯದೆ ಬಿಟ್ಟುಬಿಡುತ್ತದೆ, ಪರದೆ ಬೆಳ್ಳಗಾಗುತ್ತದೆ. ಐಪಿಎಸ್ ಪ್ಯಾನೆಲ್ ಅದೇ ಸ್ಥಿತಿಯಲ್ಲಿ ಬೆಳಕನ್ನು ತಡೆಹಿಡಿದು ಕಪ್ಪಾಗುತ್ತದೆ. ದೋಷ ಒಂದೇ, ಒಂದರ ಮುಖ ಬಿಳಿ, ಇನ್ನೊಂದರ ಮುಖ ಕಪ್ಪು. ‘ಮೊದಲಿನ ಲ್ಯಾಪ್‌ಟಾಪ್ ಕೆಟ್ಟಾಗ ಬೆಳ್ಳಗಾಗಿತ್ತು, ಇದು ಕಪ್ಪಾಗಿದೆ, ಹಾಗಾಗಿ ಇದು ಬೇರೆ ತೊಂದರೆ’ ಎಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ದ್ರವಸ್ಫಟಿಕದ ಮಾತು ಬಂದಾಗ ಬೆಂಗಳೂರನ್ನು ನೆನೆಯದೆ ಮುಂದೆ ಹೋಗಲಾರೆ. 1888ರಲ್ಲಿ ಪ್ರಾಗ್‌ನಲ್ಲಿ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಸರ್ ಕಂಡ ಈ ವಿಚಿತ್ರ ದ್ರವ್ಯಗಳಲ್ಲಿ ಬಹುಕಾಲ ಕಡ್ಡಿಯಾಕಾರದ ಅಣುಗಳೇ ಎಲ್ಲರಿಗೂ ಪರಿಚಿತವಾಗಿದ್ದವು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಪ್ರಕಟಿಸಿದ್ದು ನಮ್ಮದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಚಂದ್ರಶೇಖರ್ ಸಿ.ವಿ. ರಾಮನ್ನರ ಸೋದರಳಿಯ, ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದವರು. ಟಿಎನ್ ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಕೆಡುತ್ತಿದ್ದ ಕಾಲದಲ್ಲಿ, 1990ರ ದಶಕದ ಮಧ್ಯದಲ್ಲಿ, ಜಪಾನಿನ ಫ್ಯೂಜಿ ಸಂಸ್ಥೆ ಆ ದೋಷ ತಗ್ಗಿಸಲು ಒಂದು ತೆಳು ಹಾಳೆ ತಯಾರಿಸಿತು. ಅದರಲ್ಲಿ ಲೇಪಿಸಿದ್ದು ತಟ್ಟೆಯಾಕಾರದ ಅಣುಗಳನ್ನೇ. ಹಳೆಯ ಪ್ಯಾನೆಲ್ ಬಿಚ್ಚಿದಾಗಲೆಲ್ಲ ನನ್ನ ಬೆರಳು ಆ ಹಾಳೆಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ.

ಮತ್ತೆ ಬೆಳಕಿಗೆ ಬರೋಣ. ಸುಮಾರು 2010ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಎಲ್‌ಇಡಿ ಬದಲು ಸಿಸಿಎಫ್‌ಎಲ್ ಎಂಬ ಕಡ್ಡಿಯಷ್ಟು ಸಪೂರ ಗಾಜಿನ ಕೊಳವೆ ಇರುತ್ತಿತ್ತು. ಒಳಗೆ ಪಾದರಸದ ಆವಿ. ಅದನ್ನು ಹೊತ್ತಿಸಲು ಸಾವಿರ ವೋಲ್ಟಿನ ಆಸುಪಾಸು ಬೇಕು, ಉರಿಸಲು ಅದರ ಅರ್ಧದಷ್ಟು. ಅದನ್ನು ಒದಗಿಸುತ್ತಿದ್ದುದು ಪರದೆಯ ಕೆಳಗೆ ಉದ್ದಕ್ಕೆ ಕೂತ ಇನ್ವರ್ಟರ್ ಪಟ್ಟಿ. ಕೊಳವೆ ಮುಪ್ಪಾದರೆ ಪರದೆ ಮೊದಲು ಗುಲಾಬಿ ಬಣ್ಣಕ್ಕೆ ತಿರುಗಿ, ಎರಡು ಕ್ಷಣ ಉರಿದು, ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ಹಿಂದೆ ಸರಿದು ಆರುತ್ತದೆ. ಬಣ್ಣ ನೆಟ್ಟಗಿದ್ದೂ ಮನಸ್ಸು ಬಂದಾಗ ಹತ್ತಿ ಆರುತ್ತಿದ್ದರೆ ಇನ್ವರ್ಟರನ್ನು ಅನುಮಾನಿಸಬೇಕು. ಹಳೆಯ ಐಬಿಎಂ ಥಿಂಕ್‌ಪ್ಯಾಡುಗಳನ್ನು ಇನ್ನೂ ಜೋಪಾನ ಮಾಡಿಕೊಂಡವರಿಗೆ ಈ ಗುಲಾಬಿ ಮುಂಜಾವು ಚೆನ್ನಾಗಿ ಗೊತ್ತು. ಅವರು ಇನ್ವರ್ಟರ್ ಮುಟ್ಟುವ ಮುನ್ನ ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದಿಡಲಿ. ಆ ಒತ್ತಡ ಕೈಯನ್ನು ಸುಡುವಷ್ಟಿರುತ್ತದೆ.

ಎಲ್‌ಇಡಿ ಬಂದ ಮೇಲೆ ಈ ರೋಗಗಳು ಹೋದವು, ಹೊಸತೊಂದು ಬಂತು. ಅದರ ಬಗ್ಗೆ ವಿವರವಾಗಿ ಹೇಳಬೇಕು, ಯಾಕೆಂದರೆ ಇವತ್ತು ಅನ್ಯಾಯವಾಗಿ ಗುಜರಿ ಸೇರುವ ಬೋರ್ಡುಗಳಲ್ಲಿ ಹಲವು ಇದರಿಂದಲೇ ಸೇರುತ್ತವೆ.

ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಕೀಬೋರ್ಡಿನ ಮೇಲೆ ಪೆನ್ನು ಬಿಟ್ಟು ಮುಚ್ಚಳ ಮುಚ್ಚಿದ್ದರಿಂದ ಅವಳ ಲ್ಯಾಪ್‌ಟಾಪಿನ ಗಾಜು ಒಡೆಯಿತು. ಹತ್ತಿರದ ಅಂಗಡಿಯಲ್ಲಿ ಹೊಸ ಪ್ಯಾನೆಲ್ ಹಾಕಿಸಿದಳು. ಆಮೇಲೆ ಫೋನು.

“ಮಾವ, ಹೊಸ ಡಿಸ್‌ಪ್ಲೇ ಹಾಕಿದ್ರೂ ಕಪ್ಪೇ ಇದೆ. ಬೋರ್ಡೂ ಹೋಗಿದೆ, ಬೋರ್ಡ್ ಹಾಕೋದಕ್ಕಿಂತ ಹೊಸದು ತಗೊಳ್ಳೋದೇ ವಾಸಿ ಅಂತಿದ್ದಾರೆ.”

“ಒಡೆದ ಗಾಜಿನಲ್ಲಿ ಚಿತ್ರ ಕಾಣ್ತಿತ್ತಾ?”

“ಅರ್ಧ ಕಾಣ್ತಿತ್ತು. ಬೆಳಕೂ ಇತ್ತು.”

“ಈಗ ದೀಪ ಆರಿಸಿ ಟಾರ್ಚ್ ಹಾಕಿ ನೋಡು ಪುಟ್ಟಾ.”

ಸ್ವಲ್ಪ ಹೊತ್ತಿಗೆ ಅವಳ ದನಿ ಬದಲಾಯಿತು: “ಮಾವ, ಪಾಸ್‌ವರ್ಡ್ ಕೇಳೋ ಪೇಜು ಕಾಣ್ತಿದೆ!”

ಗಾಜು ಒಡೆದಾಗಲೂ ಇದ್ದ ಬೆಳಕು, ಗಾಜು ಬದಲಿಸಿದ ಮೇಲೆ ಹೋಗಿದೆ. ಅಂದರೆ ದೋಷ ಹುಟ್ಟಿದ್ದು ಬದಲಿಸುವ ಹೊತ್ತಿನಲ್ಲಿ. ಈಗಿನ ಸಾಮಾನ್ಯ ಪ್ಯಾನೆಲ್ಲುಗಳಿಗೆ 30 ಪಿನ್ನಿನ ಕನೆಕ್ಟರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 26ರಿಂದ 29ರ ವರೆಗಿನ ನಾಲ್ಕು ಪಿನ್ನುಗಳು ದೀಪಸಾಲಿಗೆ ವಿದ್ಯುತ್ ಒಯ್ಯುತ್ತವೆ. ಅವುಗಳಿಗೆ ಸಮೀಪದಲ್ಲೇ ನೆಲದ (ಗ್ರೌಂಡ್) ಪಿನ್ನುಗಳೂ ಇವೆ. ನಡುವಿನ ಅಂತರ ಅರ್ಧ ಮಿಲಿಮೀಟರ್ ಅಷ್ಟೆ. ಒಳಗಿನ ಬ್ಯಾಟರಿಯನ್ನು ಕಳಚದೆ ಈ ಕನೆಕ್ಟರನ್ನು ಕಿತ್ತು ಹಾಕುವಾಗ ಅದು ಕೂದಲೆಳೆಯಷ್ಟು ಓರೆಯಾದರೂ ಸಾಕು, ಬ್ಯಾಟರಿಯ ವಿದ್ಯುತ್ತು ನೆಲಕ್ಕೆ ಹರಿಯುತ್ತದೆ. ಯಂತ್ರ ಆಫ್ ಮಾಡಿದ್ದೇನಲ್ಲ ಎಂಬ ಧೈರ್ಯ ಇಲ್ಲಿ ಸಾಲದು, ಹಲವು ಬೋರ್ಡುಗಳಲ್ಲಿ ಆಫ್ ಆದಾಗಲೂ ಆ ದಾರಿಯಲ್ಲಿ ಒತ್ತಡ ನಿಂತಿರುತ್ತದೆ. ಆ ಕ್ಷಣದಲ್ಲಿ ಬೋರ್ಡನ್ನು ಉಳಿಸಲೆಂದು ಸಾಯುವುದು ಒಂದು ಫ್ಯೂಸು. ಅಕ್ಕಿಕಾಳಿಗಿಂತ ಚಿಕ್ಕದು, ಕನೆಕ್ಟರಿನ ಆಸುಪಾಸಿನಲ್ಲೇ ಬೆಸುಗೆಯಾಗಿ ಕೂತಿರುತ್ತದೆ. ಅದು ಸತ್ತಿದ್ದನ್ನು ಬೋರ್ಡ್ ಸತ್ತಿದೆ ಎಂದು ಓದಿದರೆ ರಕ್ಷಕನ ಕೆಲಸವೇ ವ್ಯರ್ಥವಾಗುತ್ತದೆ.

ಯಂತ್ರ ಬೆಂಗಳೂರಿಗೆ ಬಂತು. ಎಸ್‌ಪಿ ರೋಡಿನ ಒಳಗಲ್ಲಿಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಚಿಪ್ ಲೆವೆಲ್ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಟಾರ್ಚ್ ಹಾಕಿ ನೋಡಿದವನೇ, “ಪಿಕ್ಚರ್ ಇದೆ ಸಾರ್, ಲೈಟಿಲ್ಲ. ಫಸ್ಟು ಫ್ಯೂಸ್ ನೋಡ್ತೀನಿ” ಎಂದ. ನಾನು ಬಾಯಿ ತೆರೆದಿರಲಿಲ್ಲ. ಮಲ್ಟಿಮೀಟರಿನ ಕಡ್ಡಿ ಫ್ಯೂಸಿನ ಒಂದು ತುದಿಗಿಟ್ಟರೆ 19 ವೋಲ್ಟ್, ಇನ್ನೊಂದು ತುದಿಗಿಟ್ಟರೆ ಸೊನ್ನೆ. ಸಾಧಾರಣ ರಿಪೇರಿಯವನು ಇಲ್ಲಿಗೇ ಸಂತೋಷಪಟ್ಟು ಹೊಸ ಫ್ಯೂಸ್ ಕೂರಿಸಿಬಿಡುತ್ತಾನೆ. ಈತ ಹಾಗೆ ಮಾಡಲಿಲ್ಲ. ಚಾರ್ಜರನ್ನೂ ಬ್ಯಾಟರಿಯನ್ನೂ ಕಳಚಿ, ಫ್ಯೂಸಿನ ಆಚೆ ಬದಿಯಿಂದ ನೆಲಕ್ಕೆ ಪ್ರತಿರೋಧ ಅಳೆದ. ಪ್ಯಾನೆಲ್ ಜೋಡಿಸಿ ಒಮ್ಮೆ, ಬಿಡಿಸಿ ಒಮ್ಮೆ. ಎಲ್ಲೂ ಶಾರ್ಟ್ ಇಲ್ಲ ಎಂದು ಖಚಿತವಾದ ಮೇಲೆ, ಗುಜರಿ ಬೋರ್ಡೊಂದರಿಂದ ಅದೇ ಆಂಪಿಯರಿನ ಫ್ಯೂಸ್ ಎತ್ತಿ ಕೂರಿಸಿದ. ಪರದೆ ಬೆಳಗಿತು. ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ನಾವು ಕೊಟ್ಟದ್ದು ಅವನ ಕಣ್ಣಿಗೆ, ಆ ಎರಡನೆಯ ಅಳತೆಗೆ. ಅದಕ್ಕೆ ಎಷ್ಟು ಕೊಟ್ಟರೂ ಹೆಚ್ಚಲ್ಲ ಎಂದು ನನ್ನ ಭಾವನೆ.

ಫ್ಯೂಸಿನ ಜಾಗಕ್ಕೆ ತಂತಿಯ ತುಣುಕನ್ನು ಬೆಸೆಯುವ ಅಭ್ಯಾಸವೊಂದಿದೆ. ಅವತ್ತಿಗೆ ದೀಪ ಹತ್ತುತ್ತದೆ. ಮುಂದೆ ಎಂದಾದರೂ ಶಾರ್ಟ್ ಆದರೆ ತಡೆಯಲು ಯಾರೂ ಇಲ್ಲದೆ ಕೇಬಲ್ ಸುಡುತ್ತದೆ, ಕನೆಕ್ಟರ್ ಕರಗುತ್ತದೆ. ಯಾವ ಕಾರಣಕ್ಕೂ ಒಪ್ಪಬೇಡಿ.

ನಾಲ್ಕನೆಯ ಕಪ್ಪು, ಮುಚ್ಚಳದ ಕೋನಕ್ಕೆ ತಕ್ಕಂತೆ ಬಂದು ಹೋಗುವುದು, ಕೀಲಿನ ಕಪ್ಪು. ಚಿತ್ರವನ್ನೂ ಬೆಳಕಿನ ವಿದ್ಯುತ್ತನ್ನೂ ಹೊತ್ತ ಕೇಬಲ್ ಕೀಲಿನ ಮೂಲಕವೇ ಹಾಯಬೇಕು. ಪ್ರತಿ ಸಲ ಮುಚ್ಚಿ ತೆರೆದಾಗಲೂ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ಇದರ ಪ್ರಸಿದ್ಧ ಉದಾಹರಣೆ 2016ರಲ್ಲಿ ಬಂದ ಆ್ಯಪಲ್‌ನ ಮ್ಯಾಕ್‌ಬುಕ್ ಪ್ರೊ. ತೆಳುವಾಗಿಸುವ ಹಂಬಲದಲ್ಲಿ ಕೇಬಲ್ಲಿಗೆ ತೀರಾ ಬಿಗಿ ಅಳತೆ ಇಟ್ಟಿದ್ದರು. ತೆರೆದಂತೆಲ್ಲ ಅದು ಎಳೆದುಕೊಂಡು ಸವೆಯಿತು. ಮೊದಲು ಪರದೆಯ ಬುಡದಲ್ಲಿ ನಾಟಕದ ರಂಗದೀಪಗಳಂತೆ ಬೆಳಕಿನ ಮಚ್ಚೆಗಳು, ಆಮೇಲೆ ಪೂರ್ತಿ ಕಪ್ಪು. 2018ರ ಮಾದರಿಯಲ್ಲಿ ಆ ಕೇಬಲ್ 2 ಮಿಲಿಮೀಟರ್ ಉದ್ದವಾಗಿದೆ ಎಂದು ಬಿಚ್ಚಿ ಅಳೆದು ತೋರಿಸಿದವರು ಐಫಿಕ್ಸಿಟ್ ಎಂಬ ದುರಸ್ತಿ ಜಾಲತಾಣದವರು. 2019ರ ಮೇ ತಿಂಗಳಲ್ಲಿ ಆ್ಯಪಲ್ 2016ರ 13 ಇಂಚಿನ ಮಾದರಿಗಳಿಗೆ ಉಚಿತ ದುರಸ್ತಿ ಘೋಷಿಸಿತು. ಕೇಬಲ್ ಪರದೆಯೊಂದಿಗೇ ಬೆಸೆದುಕೊಂಡಿದ್ದರಿಂದ ಪುಟ್ಟದೊಂದು ಪಟ್ಟಿ ಸವೆದರೆ ಇಡೀ ಪರದೆಯ ಜೋಡಣೆಯನ್ನೇ ಬದಲಿಸಬೇಕಿತ್ತು. ಇದನ್ನು ನಾನು ಕೆಟ್ಟ ವಿನ್ಯಾಸ ಎಂದೇ ಕರೆಯುತ್ತೇನೆ. ಉಳಿದ ಬಹಳಷ್ಟು ಯಂತ್ರಗಳಲ್ಲಿ ಕೇಬಲ್ ಬೇರೆಯಾಗಿಯೇ ಸಿಗುತ್ತದೆ, ಪ್ಯಾನೆಲ್ಲಿಗಿಂತ ಎಷ್ಟೋ ಅಗ್ಗಕ್ಕೆ. ಹಾಗಾಗಿ ಪ್ಯಾನೆಲ್ ಕೊಳ್ಳುವ ಮುನ್ನ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ ನೋಡಿ. ಕೀಲು ಬಿಗಿಯಾಗಿ ಕಿರುಗುಟ್ಟುತ್ತಿದ್ದರೆ, ಅದರ ಬುಡದ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ಕೇಬಲ್ ನಲುಗಿರುವುದು ಬಹುತೇಕ ಖಚಿತ.

ಹೊರಗಿನ ಟಿವಿಯಲ್ಲೂ ಚಿತ್ರ ಬಾರದ, ರ‍್ಯಾಮ್ ಉಜ್ಜಿದರೂ ಏಳದ ಕಪ್ಪು ಬೋರ್ಡಿನ ಒಳಗಿನದು. ಅಲ್ಲಿ ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. 2008ರ ಜುಲೈಯಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಪ್ಯಾಕೇಜಿಂಗ್ ದುರ್ಬಲವಾಗಿದೆ ಎಂದು ಒಪ್ಪಿ, ಅದರ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಬಿರುಕು ಬಿಡುತ್ತಿದ್ದುದು ಚಿಪ್ಪಿನ ಒಳಗೆ, ಸಿಲಿಕಾನನ್ನೂ ಅದರ ತಳವನ್ನೂ ಕೂಡಿಸುವ ಬೆಸುಗೆಯ ಗುಬ್ಬಿಗಳಲ್ಲಿ. ಹೀಟ್ ಗನ್ನಿನಿಂದ ಬಿಸಿ ಮಾಡಿದರೆ ಅವು ತುಸು ಹಿಗ್ಗಿ ಮತ್ತೆ ತಾಗಿಕೊಂಡು ಚಿತ್ರ ಬರುತ್ತಿತ್ತು, ಕೆಲವು ವಾರಕ್ಕೆ ಮತ್ತೆ ಕಪ್ಪು. ಬಿಸಿ ಮಾಡಿ ಸರಿ ಮಾಡುವ ಆ ಪದ್ಧತಿ ಚಿಪ್ಪುಗಳು ಬದಲಾದರೂ ಅಂಗಡಿಗಳಲ್ಲಿ ಉಳಿದುಕೊಂಡಿದೆ. ಬಿಸಿ ಮಾಡಿ ಕೊಡುತ್ತೇನೆ ಎಂದವರಿಗೆ ದುಡ್ಡು ಕೊಡಬೇಡಿ. ಹಳೆಯ ಕಡತಗಳನ್ನು ಒಮ್ಮೆ ನಕಲು ಮಾಡಿಕೊಳ್ಳಲು ಮಾತ್ರ ಅದು ಉಪಯೋಗಕ್ಕೆ ಬಂದೀತು.

ಕರಾವಳಿಯವರಿಗೆ ಪ್ರತ್ಯೇಕವಾಗಿ: ಮಳೆಗಾಲದ ನಾಲ್ಕು ತಿಂಗಳು ಚೀಲದಲ್ಲೇ ಉಳಿದ ಯಂತ್ರದ ಪರದೆ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟುವುದುಂಟು. ಬ್ಯಾಟರಿ ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆದು ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಆರಲು ಬಿಟ್ಟು ಜೋಡಿಸಿದರೆ ಎಷ್ಟೋ ಕಪ್ಪುಗಳು ಅಲ್ಲಿಗೇ ಬಿಡುತ್ತವೆ.

ಎಲ್ಲ ನೋಡಿದ ಮೇಲೂ ಪ್ಯಾನೆಲ್ಲೇ ಹೋಗಿದೆ ಎಂದು ತೀರ್ಮಾನವಾದರೆ ಲ್ಯಾಪ್‌ಟಾಪಿನ ಮಾದರಿ ಹೇಳಿ ಕೊಳ್ಳಬೇಡಿ. ಒಂದೇ ಮಾದರಿಗೆ ಕಾರ್ಖಾನೆಯಲ್ಲೇ ಮೂರ್ನಾಲ್ಕು ಬಗೆಯ ಪ್ಯಾನೆಲ್ ಹಾಕಿರುತ್ತಾರೆ. ಹಳೆಯದನ್ನು ಬಿಚ್ಚಿ ಅದರ ಬೆನ್ನಿನ ಚೀಟಿಯ ಚಿತ್ರ ತೆಗೆದುಕೊಳ್ಳಿ. ಬಿ156 ಎಂದು ಶುರುವಾದರೆ ತಯಾರಕರು ಎಯುಒ, ಎನ್‌ಟಿ156 ಎಂದರೆ ಬಿಒಇ, ಎಲ್‌ಪಿ156 ಎಂದರೆ ಎಲ್‌ಜಿ. 156 ಎಂಬುದು 15.6 ಇಂಚು. ಪಿನ್ನುಗಳು 30ರದ್ದೋ 40ರದ್ದೋ, ಕನೆಕ್ಟರ್ ಎಡಕ್ಕೋ ಬಲಕ್ಕೋ, ತಿರುಪು ಕಿವಿಗಳು ಇವೆಯೋ ಇಲ್ಲವೋ ಹೊಂದಿಸಿ ನೋಡಿ. ಅಂಗಡಿಯವರು ‘ಸ್ಲಿಮ್’, ‘ಪೇಪರ್’ ಎನ್ನುವುದು ದಪ್ಪದ ಲೆಕ್ಕ. ಟಿಎನ್ ಇದ್ದ ಕಡೆ ಅದೇ ಕನೆಕ್ಟರಿನ ಐಪಿಎಸ್ ಹೊಂದುವುದಾದರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ಹಾಕಿಸಿ, ಕಣ್ಣಿಗೆ ಗೊತ್ತಾಗುತ್ತದೆ. ಚೌಕಟ್ಟು ಮುಚ್ಚುವ ಮುನ್ನವೇ ಚಾಲೂ ಮಾಡಿಸಿ, ಬೆಳಕನ್ನು ಪೂರ್ತಿ ಏರಿಸಿ ಇಳಿಸಿ, ಮುಚ್ಚಳವನ್ನು ಎಲ್ಲ ಕೋನಗಳಲ್ಲೂ ನಿಲ್ಲಿಸಿ ನೋಡಿ. ಹಳೆಯ ಪ್ಯಾನೆಲ್ಲನ್ನು ಕೇಳಿ ಪಡೆದುಕೊಳ್ಳಿ. ಗಾಜು ಒಡೆದಿದ್ದರೂ ಅದರ ದೀಪಸಾಲು, ಹಾಳೆಗಳು ಇನ್ನೊಬ್ಬರ ಯಂತ್ರಕ್ಕೆ ಬರುತ್ತವೆ. ಸಿಸಿಎಫ್‌ಎಲ್ ಕಾಲದ್ದಾದರೆ ಪಾದರಸವಿರುವುದರಿಂದ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ.